ಹೇಸಿಗೆ ಕಳೆಯಲು ಹಾಕಿದ ರಜ

ಮಗಳು ಹಿತ್ತಲಲ್ಲಿ ವಾಂತಿ ಮಾಡಿಕೊಂಡಾಗ ಪ್ರತಿಮಾ ಮೊದಲು ಮಾಡಿದ ಕೆಲಸವೆಂದರೆ, ಒಂದು ಬಾಂಡಲಿ ಮಣ್ಣು ತಂದು ದೂರದಿಂದಲೇ ಅದರ ಮೇಲೆ ಎರಚಿದ್ದು. ಎರಚಿ ಹಿಂದೆ ಸರಿದು, ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಳು. ತಾನು ಟಿಕೆಟ್ ಕೊಡುವ ಬಸ್ಸಿನಲ್ಲಿ ಯಾರಾದರೂ ಕಕ್ಕಿಕೊಂಡರೆ ಅವಳು ಮಾಡುತ್ತಿದ್ದುದೂ ಅದನ್ನೇ. ಗೋಡೆ ಹಿಡಿದು ಬಗ್ಗಿದ್ದ ನಯನಾ ಮೆಲ್ಲಗೆ ತಲೆ ಎತ್ತಿದಳು.

“ಏನಮ್ಮಾ, ನಾನೇನು ಪ್ಯಾಸೆಂಜರಾ?”

ಕೇಳಿ ನಕ್ಕಳು. ನಕ್ಕಳಾದರೂ ನೀರನ್ನು ತಾನೇ ತೋಡಿಕೊಂಡು ಬಾಯಿ ಮುಕ್ಕಳಿಸಿದಳು. ಚೊಂಬನ್ನು ಅಮ್ಮನ ಕೈಗೆ ಕೊಡದೆ ತೊಟ್ಟಿಯ ಮೇಲೆ ಇಟ್ಟು ಒಳಗೆ ಹೋದಳು. ಗೌರಿ ಹಬ್ಬಕ್ಕೆಂದು ಹಗರೆಯ ಗಂಡನ ಮನೆಯಿಂದ ಬಂದಿದ್ದ ಅವಳಿಗೆ ಆಗ ಮೂರು ತಿಂಗಳಾಗಿತ್ತು. ನಾಲ್ಕು ದಿನ ಇರುತ್ತೇನೆ ಎಂದಿದ್ದವಳು ಮಾರನೆಯ ದಿನವೇ ಹೊರಟುಬಿಟ್ಟಳು.

ಪ್ರತಿಮಾ ಅರಸೀಕೆರೆ ಡಿಪೋದ ಕಂಡಕ್ಟರು. ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಹಾದು ಬೇಲೂರಿಗೆ ಹೋಗಿ, ಅದೇ ದಾರಿಯಲ್ಲಿ ಹಿಂದಕ್ಕೆ ಬರುವ ಗಾಡಿಯಲ್ಲೇ ಅವಳ ಹರೆಯವೆಲ್ಲ ಕಳೆದಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಇಷ್ಟು ಹೇಸುವವಳಾಗಿರಲಿಲ್ಲ. ಹೇಸಿಗೆ ಒಂದೇ ದಿನ ಬಂದದ್ದೂ ಅಲ್ಲ. ನೀರು ಕಾಯಿಸುವ ಹಂಡೆಯ ಒಳಗೆ ಕಿಟ್ಟ ಕಟ್ಟುವ ಹಾಗೆ ದಿನಕ್ಕಿಷ್ಟು ಕಟ್ಟಿತು. ಎಂಜಲು ಹಚ್ಚಿ ಎಣಿಸಿ ಕೊಟ್ಟ ನೋಟು. ರವಿಕೆಯೊಳಗಿನಿಂದ ಎಳೆದು ತೋರಿಸುವ, ಬೆವರಿಗೆ ಮೆತ್ತಗಾದ ಆಧಾರ್ ಕಾರ್ಡು. ಕಿಟಕಿಯ ಸರಳಿಗೆ ಒರೆಸಿದ ಸುಣ್ಣದ ಬೆರಳು. ಮುಂದಿನ ಕಿಟಕಿಯಲ್ಲಿ ಉಗಿದದ್ದು ಗಾಳಿಗೆ ತಿರುಗಿ ಹಿಂದಿನ ಕಿಟಕಿಯಲ್ಲಿ ಒಳಗೆ ಬರುವುದು. ಸೀಟಿನ ಸಂದಿಗೆ ತುರುಕಿ ಹೋದ ಮಗುವಿನ ಡೈಪರು. ಮುಗ್ಗಿದ ಕೊಬ್ಬರಿಯ ಮೂಟೆಯ ಮೇಲೆ ತಲೆಯಿಟ್ಟು ಜೊಲ್ಲು ಸುರಿಸುತ್ತ ಮಲಗಿದವನನ್ನು ತಟ್ಟಿ ಎಬ್ಬಿಸಿ “ಎಲ್ಲಿಗ್ರೀ?” ಎಂದು ಕೇಳುವುದು. ಇದೆಲ್ಲ ದಿನಾಲೂ ಮನೆಗೆ ಬಂದು ಅವಳ ಜೊತೆಯಲ್ಲೇ ಊಟಕ್ಕೆ ಕೂರುತ್ತಿತ್ತು. ಅವಳು ತನಗೊಂದು ತಟ್ಟೆ, ಒಂದು ಲೋಟ, ಒಂದು ಚಮಚ ಬೇರೆಯಿಟ್ಟುಕೊಂಡಳು. ಅನ್ನವನ್ನೂ ಚಮಚದಲ್ಲೇ ಉಂಡಳು. ಸೋಪು ಹಾಕಿ ಹಾಕಿ ಅವಳ ಅಂಗೈ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು.

ನೆಂಟರಿಷ್ಟರು ಇದನ್ನು ಜಂಬ ಎಂದರು. “ಸರ್ಕಾರಿ ಕೆಲಸ ಅಲ್ವಾ, ನಮ್ಮನೆ ನೀರು ಇಳಿಯಾಕಿಲ್ಲ” ಎಂದರು. ಅನ್ನಲಿ ಎಂದು ಬಿಟ್ಟಿದ್ದಳು. ಆದರೆ ಮಗಳು “ಪ್ಯಾಸೆಂಜರಾ” ಎಂದದ್ದನ್ನು ಬಿಡಲಾಗಲಿಲ್ಲ.

ಯಾಕೆಂದರೆ ಬಾಣಂತನ ಮುಂದಿತ್ತು. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ಮಗಳನ್ನು ತವರಿಗೆ ಕರೆತರಬೇಕು. ಹೆರಿಗೆಯಾದ ಮೇಲೆ ಮೂರು ತಿಂಗಳು ಎಣ್ಣೆ ತಿಕ್ಕಬೇಕು, ಬಿಸಿನೀರು ಹೊಯ್ಯಬೇಕು, ಹೊಟ್ಟೆಗೆ ಬಟ್ಟೆ ಸುತ್ತಬೇಕು. ರಕ್ತ, ಹಾಲು, ಕೂಸಿನ ಕಕ್ಕ, ಒಗೆದಷ್ಟೂ ಮುಗಿಯದ ಬಟ್ಟೆ. ಅದೆಲ್ಲ ತಾಯಿಯಾದವಳು ಕೈಯಾರೆ ಮಾಡುವ ಕೆಲಸ. ಕೈಯಲ್ಲಿ ಮಾಡಬಹುದು, ಮುಖವನ್ನು ಏನು ಮಾಡುವುದು? ಹೆತ್ತ ಮಗಳ ಮುಂದೆ ಮೂಗು ಮುಚ್ಚಿಕೊಂಡು ನಿಂತ ಮುಖ ಅದು. ಇನ್ನೊಂದು ಸಲ ಹಾಗೆ ನಿಂತರೆ ನಯನಾ ಮತ್ತೆ ಈ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಪ್ರತಿಮಾಳಿಗೆ ಗೊತ್ತಿತ್ತು.

ಬೇಲೂರಿನ ಕಡೆಗೆ ದಿನವೂ ಓಡಾಡುವ ಒಬ್ಬ ಮೇಡಮ್ಮು ಯಾವಾಗಲೋ ಹೇಳಿದ್ದರು: “ಒಂದು ತಿಂಗಳು ರಜ ಹಾಕಿ, ಪ್ರತಿಮಾ. ಚೆನ್ನಾಗಿ ನಿದ್ದೆ ಮಾಡಿ, ಊರು ನೋಡಿ, ಆಮೇಲೆ ಎಲ್ಲಾದ್ರೂ ಒಂದಿಷ್ಟು ಸೇವೆ ಮಾಡಿ. ಮನುಷ್ಯ ಹೊಸಬನಾಗಿ ಬರ್ತಾನೆ.” ಆಗ ಅವಳು ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋಗಿದ್ದಳು. ಈಗ ಅದೊಂದೇ ದಾರಿ ಎಂದು ಕಂಡಿತು. ಸೀಮಂತಕ್ಕೆ ಮೊದಲು ಈ ಹೇಸಿಗೆಯನ್ನು ಕಳೆದುಕೊಂಡು ಬರಬೇಕು ಎಂದು ತೀರ್ಮಾನಿಸಿ, ಯಾರಿಗೂ ಕಾರಣ ಹೇಳದೆ ಡಿಸೆಂಬರಿನಲ್ಲಿ ರಜ ಹಾಕಿದಳು.

ಗಂಡ ಪುಟ್ಟಸ್ವಾಮಿ ತೆಂಗಿನಕಾಯಿ ಸುಲಿಯುತ್ತ ಕೂತಿದ್ದವನು ಕೈ ನಿಲ್ಲಿಸಿದ. “ಬಾಣಂತನ ಮುಂದೈತೆ, ಈಗ್ಯಾಕೆ ರಜ? ಊಟಕ್ಕೆ ಮುಂಚೆ ಕೈ ತೊಳ್ಕೊಂಡು ಎದ್ದೋಗೋರು ಉಂಟೇನೇ?”

“ಅದಕ್ಕೂ ರಜ ಉಳಿದೈತೆ. ಇದು ನಂಗೆ.”

“ನಿಂಗೆ ಅಂದ್ರೆ?”

“ನಂಗೆ ಅಂದ್ರೆ ನಂಗೆ ಕಣ್ರೀ.”

ಅವನು ಮತ್ತೆ ಕಾಯಿ ಎತ್ತಿಕೊಂಡ. ಡಿಪೋದಲ್ಲಿ ಅವಳ ಗಾಡಿಯ ಡ್ರೈವರ್ ಹೇಮಂತ್ ಬಿಡಲಿಲ್ಲ. “ಏನಕ್ಕಾ, ಒಂದು ತಿಂಗಳು! ಕಾಶಿಗೋ, ಆಸ್ಪತ್ರೆಗೋ?” ಎಂದು ಕೇಳಿ ಎಲ್ಲರನ್ನೂ ನಗಿಸಿದ. ಅವನ ಬಾಯಲ್ಲಿ ಗುಟ್ಕಾದ ಕೆಂಪು ಕಂಡು ಪ್ರತಿಮಾ ಮುಖ ತಿರುಗಿಸಿಕೊಂಡಳು.

ವಿಶ್ರಾಂತಿ ಅವಳಿಗೆ ಒಳ್ಳೆಯದು ಮಾಡಲಿಲ್ಲ. ದುಡಿಯುವಾಗ ಮನೆಗೆ ಬಂದರೆ ಸಾಕು ಎನ್ನುವಂತಿತ್ತು, ಮನೆಯಲ್ಲಿ ಏನಿದೆ ಎಂದು ನೋಡಲು ಪುರುಸೊತ್ತಿರಲಿಲ್ಲ. ಈಗ ಕೂತಲ್ಲೇ ಎಲ್ಲ ಕಾಣತೊಡಗಿತು. ಗಂಡ ಬೆವರು ಒರೆಸಿದ ಟವಲ್ಲಿನಲ್ಲೇ ಬಾಳೆಹಣ್ಣು ಒರೆಸಿ ತಿನ್ನುವುದು ಕಂಡಿತು. ಕೊಬ್ಬರಿ ಅಟ್ಟದಿಂದ ಸತ್ತ ಇಲಿಯ ವಾಸನೆ ಬರುವುದು ಗೊತ್ತಾಯಿತು. ಅವನು ಮೊಸರನ್ನಕ್ಕೆ ಉಪ್ಪಿನಕಾಯಿ ನಂಚಿಕೊಂಡು, ಅದೇ ಬೆರಳನ್ನು ಮತ್ತೆ ಜಾಡಿಯೊಳಗೆ ಇಳಿಸಿದ ದಿನ ಅವಳು ಊಟ ಬಿಟ್ಟು ಎದ್ದಳು.

“ಬಸ್ಸಲ್ಲಿದ್ರೇ ವಾಸಿಯಾಗಿದ್ದೆ ನೀನು” ಎಂದ ಪುಟ್ಟಸ್ವಾಮಿ. “ಮನೇಲಿ ಕೂತ್ಕೊಂಡು ನನ್ನೇ ಚೆಕಿಂಗ್ ಮಾಡ್ತಾ ಇದೀಯಾ.”

ಪ್ರವಾಸವಾದರೂ ಮಾಡೋಣ ಎಂದು ಹೊರಟಳು. ದೂರದ ಊರುಗಳ ಆಸೆಯಿತ್ತು. ಆದರೆ ಲಾಡ್ಜಿನ ದಿಂಬಿನ ಮೇಲೆ ಇನ್ಯಾರದೋ ತಲೆಯ ಎಣ್ಣೆಯ ಗುರುತು ಇರುವುದನ್ನು ನೆನೆದೇ ಆಸೆ ಬತ್ತಿತು. ಬೆಳಗ್ಗೆ ಹೋಗಿ ಸಂಜೆಗೆ ಬರುವ ಊರೇ ಸಾಕೆಂದು ಬೇಲೂರಿಗೆ ಹೋದಳು. ಬಸ್‌ಸ್ಟ್ಯಾಂಡಿನಿಂದ ಆಚೆಗೆ ಆ ಊರನ್ನು ಅವಳು ನೋಡಿದ್ದು ಮದುವೆಯ ಹೊಸತರಲ್ಲಿ ಒಂದು ಸಲ. ದೇವಸ್ಥಾನದ ಗೋಡೆಯ ಮೇಲೆ ಕೈಗೆ ಎಟುಕುವ ಬೊಂಬೆಗಳು ಮಾತ್ರ ಕರ್ರಗೆ ಮಿರಮಿರ ಮಿಂಚುತ್ತಿದ್ದವು. ಎಟುಕದವು ಮಾಸಲಾಗಿದ್ದವು. ಪ್ರವಾಸಿಗರ ಗುಂಪಿಗೆ ಗೈಡು ಹೇಳುತ್ತಿದ್ದ: “ಪಾಲಿಶ್ ನೋಡಿ ಸಾರ್, ಒಂಬೈನೂರು ವರ್ಷದ ಪಾಲಿಶ್!” ಗುಂಪಿನಲ್ಲಿದ್ದ ಒಬ್ಬ ಗಂಡಸು ಒಂದು ಹೆಣ್ಣು ಬೊಂಬೆಯ ಎದೆಯ ಮೇಲೆ ಅಂಗೈ ಇಟ್ಟು ಹಲ್ಲು ಬಿಟ್ಟ. ಅವನ ಹೆಂಡತಿ ಫೋಟೋ ತೆಗೆದಳು. ಪ್ರತಿಮಾಳಿಗೆ ಪಾಲಿಶ್ ಕಾಣಲಿಲ್ಲ. ಒಂಬೈನೂರು ವರ್ಷದ ಅಂಗೈ ಜಿಡ್ಡು ಕಂಡಿತು. ಮಾರನೆಯ ದಿನ ಹಳೇಬೀಡಿಗೆ ಹೋದಳು. ಅಲ್ಲಿ ಹುಲ್ಲಿನ ಮೇಲೆ ಒಂದು ಸಂಸಾರ ಚಿತ್ರಾನ್ನ ತಿಂದು, ತಟ್ಟೆಗಳನ್ನು ಗಾಳಿಗೆ ಬಿಟ್ಟು, ಕುಡಿಯುವ ನೀರಿನ ನಲ್ಲಿಯ ಕೆಳಗೆ ಮಗುವಿನ ಅಂಡು ತೊಳೆಯುತ್ತಿತ್ತು. ಅವಳು ದೇವಸ್ಥಾನದ ಒಳಗೂ ಹೋಗದೆ ಬಂದುಬಿಟ್ಟಳು.

ಇನ್ನು ಉಳಿದದ್ದು ಸೇವೆ.

ಬೇಲೂರಿನಿಂದ ಗೆಂಡೆಹಳ್ಳಿಗೆ ಹೋಗುವ ಕಡೆ ಒಂದು ಸಣ್ಣ ದೇವಸ್ಥಾನವಿತ್ತು. ಅಲ್ಲಿ ದಿನಾಲೂ ಮಧ್ಯಾಹ್ನ ಬಂದವರಿಗೆಲ್ಲ ಊಟ. ಒಂದೊಂದು ದಿನದ ಊಟದ ಖರ್ಚು ಒಂದೊಂದು ಮನೆಯವರದು. ಮಗನ ಹುಟ್ಟುಹಬ್ಬವೆಂದು, ಮದುವೆಯಾದ ದಿನವೆಂದು, ಬೋರಿನಲ್ಲಿ ನೀರು ಬಿದ್ದಿತೆಂದು ಮಾಡಿಸುತ್ತಿದ್ದರು. ಸೇವೆಗೆ ಬಂದವರಿಗೆ ಉಳಿಯಲು ಎರಡು ಕೋಣೆಗಳಿದ್ದವು. ಬಡಿಸುವ ಕೆಲಸ ಮಾಡೋಣ ಎಂದುಕೊಂಡು, ತನ್ನ ಹಾಸಿಗೆ, ತನ್ನ ಲೋಟ, ತನ್ನ ಚಮಚ ಕಟ್ಟಿಕೊಂಡು ಪ್ರತಿಮಾ ಹೋದಳು.

ಬಡಿಸಲು ಸೌಟು ಸಿಗಲಿಲ್ಲ. ಹಾಸನದಿಂದ ಕಾರಿನಲ್ಲಿ ಬಂದವರು, ಒಂದೇ ಬಣ್ಣದ ಟೀ ಶರ್ಟು ಹಾಕಿದವರು ಸೌಟುಗಳನ್ನು ಹಿಡಿದುಬಿಟ್ಟಿದ್ದರು. ಎರಡು ಸಾಲಿಗೆ ಪಾಯಸ ಬಡಿಸಿ, ಅಷ್ಟಕ್ಕೂ ಫೋಟೋ ತೆಗೆಸಿಕೊಂಡು, ಸೌಟನ್ನು ಅನ್ನದ ಮೇಲೆಯೇ ಚುಚ್ಚಿ ಹೊರಟುಹೋದರು. ಅವರು ಹೋದ ಮೇಲೂ ಸೌಟಿಗೆ ಜನ ಇದ್ದರು. ಯಾರೂ ಇಲ್ಲದಿದ್ದುದು ಎಲೆ ಎತ್ತುವುದಕ್ಕೆ.

“ಬನ್ನಿ, ನೀವು ಈ ಕಡೆ” ಎಂದು ಚನ್ನಪ್ಪ ಮೇಷ್ಟ್ರು ಅವಳ ಕೈಗೊಂದು ಕುಕ್ಕೆ ಕೊಟ್ಟರು. ನಿವೃತ್ತರಾದ ಮೇಲೆ ಅಲ್ಲೇ ಇದ್ದು ಎಂಜಲೆಲೆ ಎತ್ತುತ್ತಿದ್ದ ಮನುಷ್ಯ. “ಮೂಗು ಬಿಗಿ ಹಿಡ್ಕೊಳ್ಳಿ, ಬಾಯಲ್ಲಿ ಉಸಿರು ಬಿಡಿ. ಎತ್ತಿ ತಂದು ಹಿಂದೆ ದನಗಳಿಗೆ ಹಾಕೋದು.”

ಎಲೆಗಳು ಹೇಗಿದ್ದವು! ಸಾರಿನಲ್ಲಿ ತೇಲುವ ಅಗಿದು ಬಿಟ್ಟ ನುಗ್ಗೆಕಾಯಿ. ಪಾಯಸದಲ್ಲಿ ಅದ್ದಿದ ಕೂದಲು. ಕಚ್ಚಿ ಬಿಟ್ಟ ಹಪ್ಪಳದ ಮೇಲೆ ಕೂಸು ಉಗುಳಿದ ಅನ್ನ. ಒಂದಗುಳೂ ಮುಟ್ಟದೆ ಪೂರ್ತಿ ಬಿಟ್ಟು ಎದ್ದುಹೋದ ಎಲೆಗಳೂ ಇದ್ದವು. ಅವನ್ನು ಕಂಡರೆ ಬೇರೆಯೇ ಹೇಸಿಗೆ. ಪ್ರತಿಮಾ ನಾಲ್ಕು ಎಲೆ ಎತ್ತುವಷ್ಟರಲ್ಲಿ ಹೊಟ್ಟೆ ಗಂಟಲಿಗೆ ಬಂತು. ಗೋಡೆಯ ಹಿಂದಕ್ಕೆ ಓಡಿದರೆ, ಮೇಷ್ಟ್ರು ಅಲ್ಲಿ ಅವಳಿಗಿಂತ ಮೊದಲೇ ಬಗ್ಗಿ ಕಾರುತ್ತಿದ್ದರು.

“ನಿಮಗೂನಾ ಮೇಷ್ಟ್ರೇ?”

“ದಿನಾ” ಎಂದರು ಅವರು ಕಣ್ಣೊರೆಸಿಕೊಂಡು. “ಅದಕ್ಕೇ ನಾನು ಕೊನೇಲಿ ಉಣ್ಣೋದು. ಮೊದ್ಲೇ ಉಂಡ್ರೆ ದಂಡ. ನೀವು ಆ ಕಡೆ ಮೂಲೆ ಹಿಡ್ಕೊಳ್ಳಿ, ಇದು ನನ್ನ ಜಾಗ.”

ಪ್ರತಿಮಾ ಒಂದು ಉಪಾಯ ಮಾಡಿಕೊಂಡಳು. ಎಲೆಯನ್ನು ನೋಡಬಾರದು. ಮುಖವನ್ನು ಕಂಬದ ಕಡೆ ತಿರುಗಿಸಿ, ಕಣ್ಣು ಅರ್ಧ ಮುಚ್ಚಿ, ತಡವಿ ಮುದುರಿ ಕುಕ್ಕೆಗೆ ಎಸೆಯುವುದು. ಒಂದು ಸಾಲು ಮುಗಿದ ಕೂಡಲೇ ನಲ್ಲಿಗೆ ಹೋಗಿ ಮೊಣಕೈವರೆಗೆ ತೊಳೆಯುವುದು. ಹೀಗೆ ಮಾಡಿದ ಮೇಲೆ ವಾಂತಿ ನಿಂತಿತು. ವಾಂತಿ ನಿಂತದ್ದನ್ನೇ ಹೇಸಿಗೆ ಹೋಯಿತೆಂದು ಅವಳು ನಂಬಿದಳು. ಮಗಳಿಗೆ ಫೋನು ಮಾಡಿ, “ಎಂಜಲೆಲೆ ಎತ್ತುತ್ತಾ ಇದೀನಿ ಕಣೇ, ಏನೂ ಅನ್ನಿಸ್ತಿಲ್ಲ” ಎಂದು ಹೆಮ್ಮೆಯಿಂದ ಹೇಳಿದಳು.

ಆ ಕಡೆಯಿಂದ ನಯನಾ, “ನೀನಾ? ನಾಳೆ ಬೇಲೂರಿಗೆ ಡಾಕ್ಟ್ರ ಹತ್ರ ಬತ್ತೀವಿ. ಹಂಗೇ ನಿನ್ನ ನೋಡ್ಕೊಂಡು ಹೋಗ್ತೀನಿ” ಎಂದಳು. ಅವಳ ದನಿಯಲ್ಲಿ ಖುಷಿಯಿತ್ತು.

ಮಾರನೆಯ ದಿನ ಮೊದಲನೆಯ ಪಂಕ್ತಿಯಲ್ಲಿ, ಅವತ್ತಿನ ಊಟ ಮಾಡಿಸಿದ ಮನೆಯವರೇ ಸಾಲಾಗಿ ಕೂತು ಉಂಡರು. ಊಟಕ್ಕೆ ಮೊದಲು ಪೂಜಾರಿ ಯಾರ ಹೆಸರಿನಲ್ಲಿ ಊಟವೆಂದು ಹೇಳಿದ್ದರು. ಪ್ರತಿಮಾ ಆಗ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಳು. ಪಂಕ್ತಿ ಎದ್ದ ಮೇಲೆ ಬಂದು, ಎಂದಿನಂತೆ ಕಂಬ ನೋಡುತ್ತ ಎಲೆಗಳನ್ನು ತಡವಿ ಎತ್ತಿದಳು. ನೆಲ ಒರೆಸಿ ಎರಡನೆಯ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ನಯನಾ ಬಂದಳು. ಅಳಿಯ ಕಿರಣ್ ಅವಳನ್ನು ಇಳಿಸಿ, ಔಷಧಿ ತರಲು ಮತ್ತೆ ಪೇಟೆಗೆ ಹೋಗಿದ್ದ.

“ಹಸಿವಾಗ್ತೈತೆ ಅಮ್ಮಾ” ಎಂದಳು ನಯನಾ. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು, ಮುಖ ತುಂಬಿಕೊಂಡು ನಿಂತಿದ್ದಳು. ಪ್ರತಿಮಾ ಅವಳ ಕೈ ಹಿಡಿದು ಕೂರಿಸಿ, ಬೆನ್ನಿಗೆ ಗೋಡೆ ಸಿಗುವ ಜಾಗ ಕೊಟ್ಟು, ಎಲೆಗೆ ನೀರು ಚಿಮುಕಿಸಿದಳು. ಅವತ್ತು ಸೌಟನ್ನೂ ಕೇಳಿ ಪಡೆದು ಮಗಳಿಗೆ ತಾನೇ ಪಾಯಸ ಹಾಕಿದಳು. “ಇನ್ನೊಂಚೂರು ಹಾಕು” ಎಂದಳು ನಯನಾ. ಬಹಳ ದಿನದ ಮೇಲೆ ತಾಯಿ ಮಗಳು ಮುಖ ನೋಡಿಕೊಂಡು ನಕ್ಕರು.

ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ಆಗ ನಯನಾಳ ಹೊಟ್ಟೆಯನ್ನು ನೋಡಿದಳು. “ಅಯ್ಯಯ್ಯೋ, ಯಾರವ್ವಾ ನೀನು? ಬಸುರಿ ಹೆಂಗ್ಸು ತಿಥಿ ಊಟಕ್ಕೆ ಕೂತಿದೀಯಲ್ಲಾ!”

ನಯನಾಳ ತುತ್ತು ಬಾಯ ಹತ್ತಿರವೇ ನಿಂತಿತು.

“ಯಾರ್ ತಿಥಿ?” ಎಂದಳು ಪ್ರತಿಮಾ.

“ಇವತ್ತಿನ ಊಟ ಆ ಮನೆಯೋರ ತಾಯೀದು. ವರ್ಷದ ತಿಥಿ. ಪೂಜಾರಪ್ಪ ಕೂಗಿ ಹೇಳ್ಲಿಲ್ವಾ? ನೀನು ಎಲೆ ಎತ್ತೋಳೇ ಅಲ್ವೇನವ್ವಾ? ಅವ್ರೆಲ್ಲಾ ಎಲೇನ ಆಚೀಕೆ ಮಡಿಸಿ ಎದ್ದೋದ್ರಲ್ಲಾ, ಕಾಣ್ಲಿಲ್ವಾ?”

ಶುಭದ ಊಟ ಉಂಡವರು ಎಲೆಯನ್ನು ತಮ್ಮ ಕಡೆಗೆ ಮಡಿಸುತ್ತಾರೆ. ಸತ್ತವರ ಹೆಸರಿನ ಊಟವಾದರೆ ಆಚೆಗೆ ಮಡಿಸಿ ಏಳುತ್ತಾರೆ. ಇದನ್ನು ತಿಳಿಯದ ಮಕ್ಕಳು ಆ ಸೀಮೆಯಲ್ಲಿ ಇಲ್ಲ. ಒಂದು ಸಾಲು ಎಲೆ ಆಚೆಗೆ ಮಡಿಸಿ ಬಿದ್ದಿದ್ದನ್ನು ಪ್ರತಿಮಾ ಕೈಯಾರೆ ಎತ್ತಿದ್ದಳು, ಕಣ್ಣಾರೆ ನೋಡಿರಲಿಲ್ಲ.

ನಯನಾ ಎದ್ದು ಹೋಗಿ ಕೈ ತೊಳೆದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಜಗಲಿಯಲ್ಲಿ ಕೂತಳು. ಬೈಯಲಿಲ್ಲ. “ಏನೂ ಅನ್ನಿಸ್ತಿಲ್ಲ ಅಂದ್ಯಲ್ಲಾ ಫೋನಲ್ಲಿ. ನೋಡ್ದೇ ಇದ್ರೆ ಏನನ್ನಿಸ್ತದೆ?” ಎಂದಳು ಅಷ್ಟೇ. ಕಿರಣ್ ಬಂದ ಕೂಡಲೇ ಅವನ ಜೊತೆ ಹೊರಟುಹೋದಳು.

ಚನ್ನಪ್ಪ ಮೇಷ್ಟ್ರು ಕುಕ್ಕೆ ಹಿಡಿದು ನಿಂತಿದ್ದರು. “ಎಲೆ ನೋಡ್ದೇ ಎತ್ತುತ್ತಿದ್ರಾ ಇಷ್ಟು ದಿನ?” ಎಂದರು. “ಥೂ! ಹಂಗಾದ್ರೆ ನಾನ್ಯಾಕೆ ದಿನಾ ಕಾರ್ಕೊಂಡು ಸಾಯ್ತಿದ್ದೆ?”

ಸಂಜೆ ಬೀಗಿತ್ತಿ ಅನುಸೂಯಮ್ಮನ ಫೋನು ಬಂತು. ಹಗರೆಯಲ್ಲಿ ನಾಲ್ಕು ಹಸು ಕಟ್ಟಿ, ಎರಡು ಹೊತ್ತು ಡೇರಿಗೆ ಹಾಲು ಹಾಕುವ ಗಟ್ಟಿ ಹೆಂಗಸು. ಮಾತಿಗೂ ಸಗಣಿ ಬಾಚಿದಷ್ಟೇ ಬಿರುಸು.

“ಏನ್ ಬೀಗ್ರೇ, ನನ್ನ ಮೊಮ್ಮಗೀಗೆ ಹುಟ್ಟೋಕ್ ಮುಂಚೆನೇ ತಿಥಿ ಊಟ ಹಾಕ್ಸಿದ್ರಂತೆ? ಬಾಳ ಉಪಕಾರ ಆಯ್ತು. ಸೀಮಂತಕ್ಕೆ ಬನ್ನಿ, ಉಂಡ್ಕೊಂಡು ಹೋಗಿ. ಸೊಸೇನ ಮಾತ್ರ ಕಳ್ಸಾಕಿಲ್ಲ. ಹೆರಿಗೇನೂ ಇಲ್ಲೇ, ಬಾಣಂತನಾನೂ ಇಲ್ಲೇ. ನೀವು ಊರೋರ್ ಎಂಜಲು ಬಳ್ಕೊಂಡು ಪುಣ್ಯ ಕಟ್ಕೊಳ್ಳಿ.”

ಫೋನು ಇಟ್ಟ ಮೇಲೆ ಪ್ರತಿಮಾಳಿಗೆ ಅಳು ಬರಬೇಕಿತ್ತು. ಬರಲಿಲ್ಲ. ತುಂಬಿದ ಬಸ್ಸು ಜಾವಗಲ್ಲಿನಲ್ಲಿ ಅರ್ಧ ಖಾಲಿಯಾದಾಗ ಆಗುವಂತೆ ಮೈ ಹಗುರವಾಯಿತು. ಇನ್ನು ರಕ್ತದ ಬಟ್ಟೆ ಒಗೆಯಬೇಕಾಗಿಲ್ಲ. ಕೂಸಿನ ಕಕ್ಕ ಬಳಿಯಬೇಕಾಗಿಲ್ಲ. ತಾನಾಗಿ ಬೇಡವೆಂದದ್ದಲ್ಲ, ಅವರೇ ಕಿತ್ತುಕೊಂಡದ್ದು. ಹೀಗೆ ಯೋಚಿಸಿ ಹಾಯಾಗಿ ಉಸಿರುಬಿಟ್ಟಳು. ಬಿಟ್ಟ ಉಸಿರಿನ ಸದ್ದು ತನಗೇ ಕೇಳಿಸಿತು. ಆಗ ಅವಳಿಗೆ ಹುಟ್ಟಿದ ಹೇಸಿಗೆ ಬಸ್ಸಿನಲ್ಲೂ ಹುಟ್ಟಿರಲಿಲ್ಲ, ಎಂಜಲೆಲೆಯ ಮುಂದೆಯೂ ಹುಟ್ಟಿರಲಿಲ್ಲ. ಮೂಗು ಮುಚ್ಚಿದರೆ ಹೋಗುವ ನಾತವಲ್ಲ ಅದು. ತೊಳೆಯೋಣವೆಂದರೆ ಯಾವ ನಲ್ಲಿಯ ಕೆಳಗೆ ಹಿಡಿಯುವುದು?

ರಜದಲ್ಲಿ ಇನ್ನೂ ದಿನಗಳು ಉಳಿದಿದ್ದವು. ಎರಡು ದಿನ ಅವಳು ಎಲೆ ಎತ್ತಿದಳು, ಈ ಸಲ ಒಂದೊಂದನ್ನೂ ನೋಡಿ ಎತ್ತಿದಳು. ಎರಡೂ ದಿನ ತನ್ನ ಮೂಲೆಗೆ ಹೋಗಿ ಕಾರಿದಳು. ಮೂರನೆಯ ದಿನ ಗಂಟು ಕಟ್ಟಿಕೊಂಡು ಹಗರೆಯ ಬಸ್ಸು ಹತ್ತಿದಳು.

ಅನುಸೂಯಮ್ಮ ಕೊಟ್ಟಿಗೆಯ ಮುಂದೆ ಹಿಂಡಿ ಕಲಸುತ್ತಿದ್ದಳು. ಕೈ ಮೊಣಕೈವರೆಗೆ ಮೆತ್ತಿತ್ತು. ಕೂರಿ ಎನ್ನಲಿಲ್ಲ. ನಯನಾ ಜಗಲಿಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು.

“ಕರ್ಕೊಂಡು ಹೋಗೋಕೆ ಕೇಳಾಣ ಅಂತ ಬಂದೆ” ಎಂದಳು ಪ್ರತಿಮಾ.

“ಅದು ಮುಗಿದ ಮಾತು. ಕಣ್ಮುಂದಿನ ಎಲೆ ಕಾಣ್ದೋರಿಗೆ ಕೂಸು ಕಂಡಾದಾ? ಇವಳನ್ನೇ ಕೇಳಿ, ಹೋಯ್ತೀನಿ ಅಂದ್ರೆ ನಾನೇನು ಕಟ್ಟಾಕ್ತೀನಾ?”

ಪ್ರತಿಮಾ ಮಗಳ ಕಡೆ ನೋಡಿದಳು. ನಯನಾ ಅಂಗಳ ನೋಡುತ್ತಿದ್ದಳು. “ನಾನೇ ಬರಲ್ಲ ಅಂದಿದ್ದು ಅಮ್ಮಾ” ಎಂದಳು. “ಅತ್ತೆ ಸುಮ್ನೆ ತಿಥಿ ಊಟದ ಮೇಲೆ ಹಾಕಿದ್ರು. ಊಟದ್ದೇನೂ ಅಲ್ಲ. ನೀನು ದಿನಾ ನನ್ನ ಮುಟ್ಟಿ ಮುಟ್ಟಿ ಕೈ ತೊಳ್ಕೊಂತಿದ್ರೆ ನನ್ ಕೈಲಿ ನೋಡಕ್ಕಾಗಲ್ಲ. ಆಮೇಲೆ ಏನೂ ಇಲ್ಲ ಕಣೇ, ಏನೂ ಇಲ್ಲ ಕಣೇ ಅಂತೀಯಾ.”

ಅನುಸೂಯಮ್ಮ ಹಿಂಡಿ ಕಲಸುವುದನ್ನು ನಿಲ್ಲಿಸಿದಳು. ಪ್ರತಿಮಾಳ ಬಾಯಿಗೆ ಹಳೆಯ ಮಾತೇ ಬಂತು: ಹಾಗೇನಿಲ್ಲ, ಎಲ್ಲ ಸರಿಹೋಗಿದೆ. ಅದನ್ನು ನುಂಗಿದಳು.

“ಹೇಸಿಗೆ ಆಗ್ತದೆ” ಎಂದಳು. “ಎಲ್ಲದಕ್ಕೂ ಆಗ್ತದೆ. ಅದನ್ನ ಕಳ್ಕೊಳ್ಳೋಕೆ ಅಂತಲೇ ರಜ ಹಾಕ್ದೆ, ಹೋಗ್ಲಿಲ್ಲ. ಮೊನ್ನೆ ಬೀಗ್ರು ಕಳ್ಸಾಕಿಲ್ಲ ಅಂದಾಗ ನಂಗೆ ಹಗುರ ಆಯ್ತು. ಹಗುರ ಆಯ್ತಲ್ಲಾ ಅಂತ ನನ್ನ ಮೇಲೇ ನಂಗೆ ಹೇಸಿಗೆ ಆಯ್ತು. ಅದಕ್ಕೆ ಬಂದೆ.”

“ಥೂ ನಿಮ್ಮ!” ಎಂದಳು ಅನುಸೂಯಮ್ಮ. “ಯಾರಾದ್ರೂ ಬಾಯ್ಬಿಟ್ಟು ಹೇಳೋ ಮಾತೇನ್ರೀ ಇದು?”

ನಯನಾ ಮಾತ್ರ ಅಮ್ಮನನ್ನು ನೆಟ್ಟ ಕಣ್ಣಿನಲ್ಲಿ ನೋಡುತ್ತಿದ್ದಳು. “ನಂಗೆ ಬಗ್ಗಕ್ಕಾಗ್ತಿಲ್ಲ” ಎಂದಳು. “ಕಾಲುಗುರು ಬೆಳ್ದು ಸೀರೆಗೆ ಸಿಕ್ಕಾಕ್ಕೊತ್ತಾವೆ. ಕತ್ತರಿಸ್ಕೊಡ್ತೀಯಾ?”

ಪ್ರತಿಮಾ ಆ ಕಾಲು ನೋಡಿದಳು. ಊದಿಕೊಂಡ ಪಾದ, ಬಿರಿದ ಹಿಮ್ಮಡಿ, ಉಗುರಿನ ಸಂದಿಯಲ್ಲಿ ಕೊಟ್ಟಿಗೆಯ ಕರಿಮಣ್ಣು. ಕೆಳಗೆ ಕೂತು, ಬ್ಲೇಡು ಕೊಡಿ ಎಂದು ಕೈ ಚಾಚಿದಳು.

“ಇವತ್ತು ಮಂಗಳವಾರ!” ಎಂದು ಅನುಸೂಯಮ್ಮ ಕೂಗಿದಳು. “ತಿಥಿ ಊಟ ಹಾಕ್ಸಿದ್ದು ಸಾಲ್ದು ಅಂತ ಮಂಗಳವಾರ ಉಗುರೂ ತೆಗೀತೀರಾ? ಏನೂ ಗೊತ್ತಾಗಾಕಿಲ್ವೇನ್ರೀ ನಿಮಗೆ?” ಬಕೆಟ್ ಎತ್ತಿಕೊಂಡು ಕೊಟ್ಟಿಗೆಗೆ ಹೊರಟವಳು ಬಾಗಿಲಲ್ಲಿ ನಿಂತಳು. “ಇದ್ದು ನಾಳೆ ಕತ್ತರಿಸಿ. ಮನೇಲಿ ಚಾಪೆ ಐತೆ. ಲೋಟ ಬೇರೆ ಬೇಕಾದ್ರೆ ನಿಮ್ ಗಂಟಿನಲ್ಲೇ ಇರ್ಬೇಕಲ್ಲ.”

ಪ್ರತಿಮಾ ಉಳಿದಳು.

ಬುಧವಾರ ಬೆಳಗ್ಗೆ ಹಾಲು ಡೇರಿಗೆ ಹೋದ ಮೇಲೆ, ಬಿಸಿಲು ಬಿದ್ದ ಜಗಲಿಯಲ್ಲಿ ಮಗಳ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬಿಸಿನೀರಿನಲ್ಲಿ ನೆನೆಸಿದ ಕಾಲಿನಿಂದ ಹುಳಿಹುಳಿಯಾದ ವಾಸನೆ ಬರುತ್ತಿತ್ತು. ಹೆಬ್ಬೆರಳ ಸಂದಿಯಿಂದ ಮಣ್ಣಿನ ಎಳೆಯೊಂದು ಹೊರಗೆ ಬಂದಾಗ ಗಂಟಲಲ್ಲಿ ಉಬ್ಬಳಿಸಿತು. ಮುಖ ತಿರುಗಿಸದೆ, ನೋಡಿಕೊಂಡೇ ಕತ್ತರಿಸಿದಳು. ಕಿರುಬೆರಳಿನ ಉಗುರು ಸಿಡಿದು ಅವಳ ತುಟಿಗೆ ತಗುಲಿತು. “ಥೂ! ಥೂ!” ಎಂದು ಅಂಗಳಕ್ಕೆ ಉಗಿದಳು. ನಯನಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಹೇಸಿಗೆ ಆಗ್ತೈತಾ?”

“ಆಗ್ತೈತೆ.”

“ಕರ್ಕೊಂಡು ಹೋಗೋಕೆ ಬರೋವಾಗ ಬಸ್ಸಲ್ಲಿ ಬೇಡಮ್ಮಾ, ಕುಲುಕ್ತದೆ. ಕಾರು ಮಾಡ್ಕೊಂಡು ಬಾ” ಎಂದು ನಯನಾ ಎಡಗಾಲನ್ನೂ ಎತ್ತಿ ಅಮ್ಮನ ತೊಡೆಯ ಮೇಲೆ ಇಟ್ಟಳು.